ಕಾಮಾಲೆ ಇಳಿದ ಮೇಲೂ ಮಗುವಿನ ರಕ್ತ ನೋಡಿಸಿ

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಹಸುಗೂಸಿನ ರಕ್ತದ ವಿಚಾರವೇಕೆಂದು ಸದಸ್ಯರು ಕೇಳಬಹುದು. ಆಸ್ಪತ್ರೆ ದೂರ, ಮಳೆಗಾಲದ ರಸ್ತೆ, ಕೊಯ್ಲಿನ ಅವಸರ. ಹೀಗಾಗಿ, ‘ಮಗು ಚೆನ್ನಾಗಿದೆಯಲ್ಲ, ಮುಂದಿನ ತಿಂಗಳು ತೋರಿಸಿದರಾಯಿತು’ ಎನ್ನುವ ಅಭ್ಯಾಸ ನಮ್ಮ ಮನೆಗಳಲ್ಲೂ ಕೂಲಿ ಲೈನುಗಳಲ್ಲೂ ಇದೆ. ಆರ್‌ಎಚ್ ತೊಂದರೆಯಿಂದ ಹುಟ್ಟಿದ ಮಗುವಿಗೆ ಆ ತಿಂಗಳೇ ಅಪಾಯದ ಕಾಲ.

ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಮಂದಿಯ ರಕ್ತ ಆರ್‌ಎಚ್ ನೆಗೆಟಿವ್. ಅಂಥ ತಾಯಿಯ ಮಗು ಪಾಸಿಟಿವ್ ಆಗಿದ್ದರೆ, ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರಿ, ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಬಸುರಿನಲ್ಲಿ ಇವು ಮಾಸನ್ನು ದಾಟಿ ಮಗುವಿನ ಕೆಂಪು ಕಣಗಳನ್ನು ಒಡೆಯುತ್ತವೆ. ಹುಟ್ಟಿದೊಡನೆ ಕಾಣುವ ಕಾಮಾಲೆಗೆ ನೀಲಿ ದೀಪದ ಚಿಕಿತ್ಸೆ, ಹೆಚ್ಚಾದರೆ ರಕ್ತ ಬದಲಾವಣೆ ಮಾಡುತ್ತಾರೆ. ಇಷ್ಟು ಹಲವರಿಗೆ ಗೊತ್ತು.

ಗೊತ್ತಿಲ್ಲದ್ದು ಮುಂದಿನದು. ದೀಪವು ಹಳದಿ ವಸ್ತುವನ್ನು ಹೊರಹಾಕುತ್ತದೆಯೇ ಹೊರತು ಪ್ರತಿಕಾಯವನ್ನು ಮುಟ್ಟುವುದಿಲ್ಲ. ರಕ್ತ ಬದಲಾಯಿಸಿದರೂ ಒಂದಷ್ಟು ಉಳಿಯುತ್ತದೆ. ಉಳಿದದ್ದು ಎರಡು ಮೂರು ತಿಂಗಳವರೆಗೂ ಮೆಲ್ಲಗೆ ಕಣಗಳನ್ನು ಒಡೆಯುತ್ತಲೇ ಇರಬಹುದು. ಗರ್ಭದಲ್ಲೇ ರಕ್ತ ಪಡೆದ ಮಕ್ಕಳಲ್ಲಿ ಇನ್ನೊಂದು ತೊಡಕು: ಹೊರಗಿನ ರಕ್ತ ಸಾಕಷ್ಟಿರುವುದರಿಂದ ಅಸ್ಥಿಮಜ್ಜೆ ಹೊಸ ಕಣ ತಯಾರಿಸುವ ಕೆಲಸವನ್ನೇ ನಿಧಾನಿಸಿರುತ್ತದೆ. ಅಷ್ಟರಲ್ಲಿ ಯಕೃತ್ತು ಬಲಿತು ಹಳದಿಯನ್ನು ತಾನೇ ನಿಭಾಯಿಸುವುದರಿಂದ ಕಾಮಾಲೆ ಕಾಣದೆಯೂ ರಕ್ತ ಇಳಿಯಬಹುದು. ಮೈಬಣ್ಣ ತಿಳಿಯಾಯಿತೆಂದು ಮನೆಯವರು ಸಂತೋಷಪಡುವುದು ಕೆಲವೊಮ್ಮೆ ಬಿಳಿಚಿಕೊಂಡದ್ದಕ್ಕೇ! ಕೊಳೆರೋಗಕ್ಕೆ ಮೊದಲ ಬೋರ್ಡೋ ಹೊಡೆದೆವೆಂದು ಎರಡನೆಯದನ್ನು ನಾವು ಬಿಡುವುದುಂಟೆ?

ಮಗು ಹಾಲು ಕುಡಿಯುತ್ತ ಬೇಗ ದಣಿದರೆ, ಬೆವರಿದರೆ, ಉಸಿರಾಟ ವೇಗವಾದರೆ, ಸದಾ ಮಂಕಾಗಿ ಮಲಗಿದ್ದರೆ, ತೂಕ ಏರದಿದ್ದರೆ ಆ ದಿನವೇ ಹೊರಡಿ. ಆದರೆ ಲಕ್ಷಣಕ್ಕಾಗಿ ಕಾಯತಕ್ಕದ್ದಲ್ಲ. ವೈದ್ಯರು ಹೇಳಿದ ಅಂತರದಲ್ಲಿ, ಬಹುಮಟ್ಟಿಗೆ ವಾರ ಅಥವಾ ಎರಡು ವಾರಕ್ಕೊಮ್ಮೆ, ಹೀಮೋಗ್ಲೋಬಿನ್ ನೋಡಿಸಬೇಕು. ಆರೋಗ್ಯವಂತ ಶಿಶುವಿನಲ್ಲೂ ಎರಡು ತಿಂಗಳ ಹೊತ್ತಿಗೆ ಅದು ಇಳಿಯುವುದು ಸಹಜ. ಯಾವುದು ಸಹಜ, ಯಾವುದು ರೋಗವೆಂದು ತಿಳಿಯಲು ಹೊಸ ಕಣಗಳ ಎಣಿಕೆ, ಅಂದರೆ ರೆಟಿಕ್ಯುಲೋಸೈಟ್ ಪರೀಕ್ಷೆಯೂ ಬೇಕು. ತೀರ ಇಳಿದರೆ ಸ್ವಲ್ಪ ರಕ್ತ ಕೊಡುತ್ತಾರೆ, ಹೆದರಬೇಕಿಲ್ಲ.

ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಸಬೇಡಿ. ಇಲ್ಲಿ ರಕ್ತ ಹೊರಗೆ ಸುರಿದಿಲ್ಲ. ಒಡೆದ ಕಣಗಳ ಕಬ್ಬಿಣ ಮೈಯಲ್ಲೇ ಉಳಿದು, ಕೆಲವು ಮಕ್ಕಳಲ್ಲಿ ಹೆಚ್ಚೇ ಆಗಿರುತ್ತದೆ.

ಪ್ರತಿಕಾಯ ಇನ್ನೂ ಹುಟ್ಟದ ನೆಗೆಟಿವ್ ತಾಯಂದಿರಿಗೆ 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಇದೆ. ಬಸುರಿನ ಸುಮಾರು 28ನೇ ವಾರದಲ್ಲಿ ಒಮ್ಮೆ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ. ಗರ್ಭಪಾತವಾದರೂ ವೈದ್ಯರನ್ನು ಕೇಳತಕ್ಕದ್ದು. ಪ್ರತಿಕಾಯ ಹುಟ್ಟಿದ ಮೇಲೆ ಅದು ಕೆಲಸಕ್ಕೆ ಬಾರದು. ಅಂಥ ತಾಯಿ ಮತ್ತೆ ಬಸುರಿಯಾದರೆ ಮೊದಲ ಭೇಟಿಯಲ್ಲೇ ಹಿಂದಿನ ಮಗುವಿನ ಆಸ್ಪತ್ರೆ ಚೀಟಿಯನ್ನು ತೋರಿಸಬೇಕು. ಆ ಚೀಟಿಯನ್ನು ಪಹಣಿ ಪತ್ರಗಳ ಜೊತೆಗೇ ಇಡಿ.