ತರುಣರಿಗಾಗಿ ಒಂದು ಸಂಗೀತ ಪತ್ರಿಕೆ

ಸಂಗೀತ ಕಿವಿಯ ವಿಷಯ, ಪತ್ರಿಕೆ ಕಣ್ಣಿನ ವಿಷಯ. ಕೈಯಲ್ಲಿರುವ ಫೋನನ್ನು ಮುಟ್ಟಿದರೆ ಬೇಕಾದ ಹಾಡು ಕೇಳುವ ಈ ಕಾಲದಲ್ಲಿ ಅಚ್ಚಿನ ಸಂಗೀತ ಪತ್ರಿಕೆಯನ್ನು ಯಾರು ಓದುತ್ತಾರೆ? ನಮ್ಮ ತರಗತಿಯ ಮಿತ್ರರು ಕೇಳಿದ ಪ್ರಶ್ನೆ ಇದು, ಕೇಳಬೇಕಾದದ್ದೇ. ಹಾಡು ಕೇಳುವುದು ಸುಲಭವಾಗಿದೆ ಎಂಬುದೇನೋ ದಿಟ. ಆದರೆ ಅದನ್ನು ಬರೆದವರು ಯಾರು, ಪದಗಳು ಸರಿಯಾಗಿ ಯಾವುವು, ತಾನೂ ಹಾಡಬೇಕಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಪತ್ರಿಕೆಗೆ ಸ್ಥಳವಿರುವುದು ಅಲ್ಲಿ.

ಹಿಂದೆ ಇಂಥ ಕೆಲಸ ಮಾಡಿದವರನ್ನು ನೋಡೋಣ. ಉತ್ತರ ಪ್ರದೇಶದ ಹಾಥರಸದಿಂದ ೧೯೩೫ರಲ್ಲಿ 'ಸಂಗೀತ' ಎಂಬ ಹಿಂದೀ ಮಾಸಪತ್ರಿಕೆ ಹೊರಟಿತು. ಸ್ವರಲಿಪಿಯನ್ನು ಅಚ್ಚುಮಾಡಿ ಮನೆಮನೆಗೆ ಕಳುಹಿಸಿದ್ದು ಅದರ ಹಿರಿಮೆ. ಮದರಾಸಿನಲ್ಲಿ ೧೯೮೩ರಲ್ಲಿ ಎನ್. ಪಟ್ಟಾಭಿರಾಮನ್ ಅವರು ಆರಂಭಿಸಿದ 'ಶ್ರುತಿ' ಬಲ್ಲ ರಸಿಕರಿಗೆ ಹೇಳಿಸಿದಂತಿತ್ತು. ತರುಣರನ್ನೇ ಕಣ್ಣಮುಂದಿಟ್ಟುಕೊಂಡದ್ದೆಂದರೆ ಇಂಗ್ಲೆಂಡಿನಲ್ಲಿ ೧೯೭೮ರಿಂದ ೨೦೦೬ರವರೆಗೆ ನಡೆದ 'ಸ್ಮ್ಯಾಶ್ ಹಿಟ್ಸ್'. ಅದರ ಗುಟ್ಟು ದೊಡ್ಡದೇನಲ್ಲ: ಆಗ ಎಲ್ಲರ ಬಾಯಲ್ಲಿದ್ದ ಹಾಡುಗಳ ಪೂರ್ಣ ಸಾಹಿತ್ಯವನ್ನು, ದೊಡ್ಡ ಚಿತ್ರಗಳ ಪಕ್ಕದಲ್ಲಿ, ಅಚ್ಚುಮಾಡಿ ಕೊಟ್ಟದ್ದು. ನಮ್ಮವರಿಗೆ ಇದು ಹೊಸ ಉಪಾಯವಲ್ಲ. ಸಂತೆಯಲ್ಲಿಯೂ ಚಿತ್ರಮಂದಿರದ ಬಾಗಿಲಲ್ಲಿಯೂ ಮಾರುತ್ತಿದ್ದ ಚಲನಚಿತ್ರ ಗೀತೆಗಳ ಚಿಕ್ಕ ಪುಸ್ತಕಗಳನ್ನು ನಮ್ಮ ತಂದೆತಾಯಿಗಳ ಕಾಲದವರು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರಲ್ಲವೆ?

ಆದುದರಿಂದ ಮೊದಲ ಪುಟದಲ್ಲಿ ಸಂಪಾದಕರ ಉಪನ್ಯಾಸ ಬೇಡ, ಹಾಡೇ ಬರಲಿ. ವಿದ್ವಾಂಸರೊಬ್ಬರ ಭಾವಚಿತ್ರ, ಅದರ ಕೆಳಗೆ ಬಿರುದುಗಳ ಸಾಲು, ಇಷ್ಟು ಕಂಡರೆ ಹದಿನೆಂಟು ವರ್ಷದವರು ಪುಟ ಮಗುಚುತ್ತಾರೆ. ಅದೇ ವಿದ್ವಾಂಸರು ತಂಬೂರಿಯ ಶ್ರುತಿ ಕೂಡಿಸುತ್ತಿರುವ ಕೈಯ ಚಿತ್ರವನ್ನು ಹಾಕಿ ನೋಡಿ, ಕಣ್ಣು ನಿಲ್ಲುತ್ತದೆ.

ಇನ್ನು ಸ್ವರಲಿಪಿ. ಈ ಭಾಗವೇ ನನ್ನನ್ನು ಹೆಚ್ಚು ದಿನ ಕಾಡಿತು. ಕನ್ನಡದಲ್ಲಿ ತಾರಸ್ಥಾಯಿಯ ಸ್ವರಕ್ಕೆ ಅಕ್ಷರದ ಮೇಲೆ ಚುಕ್ಕೆ, ಮಂದ್ರಸ್ಥಾಯಿಗೆ ಕೆಳಗೆ ಚುಕ್ಕೆ, ಕಾಲ ಇಮ್ಮಡಿಯಾದರೆ ಮೇಲೊಂದು ಗೆರೆ. ಸ, ಗ, ಪ ಇವುಗಳ ಮೇಲೆ ಚುಕ್ಕೆ ಚೆನ್ನಾಗಿಯೇ ಕೂರುತ್ತದೆ. ರಿ, ನಿ ಇವುಗಳಿಗೆ ಗುಡಿಸು ಇರುವುದರಿಂದ ಚುಕ್ಕೆಯು ಅದಕ್ಕೆ ತಾಗಿ ಮಾಯವಾಗುತ್ತದೆ. ಸಾಲಿನ ಕೆಳಗೆ ಸಾಹಿತ್ಯ ಬರಬೇಕು. ಅದರಲ್ಲಿ ಒತ್ತಕ್ಷರವಿದ್ದರೆ ಅದು ಇಳಿದು ಮುಂದಿನ ಸ್ವರದ ಸಾಲಿನ ಚುಕ್ಕೆಗೆ ಡಿಕ್ಕಿ ಹೊಡೆಯುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವು ನಮಗೆ ಸಾಲದು. ಆದಿತಾಳದ ಎಂಟು ಅಕ್ಷರಗಳನ್ನು ನಾಲ್ಕು, ಎರಡು, ಎರಡು ಎಂದು ಮೂರು ಮನೆಗಳಾಗಿ ಗೆರೆ ಎಳೆದು, ಪ್ರತಿಯೊಂದು ಅಕ್ಷರಕ್ಕೂ ಸಮನಾದ ಜಾಗ ಬಿಟ್ಟು, ಸ್ವರವನ್ನು ಕಪ್ಪಿನಲ್ಲಿಯೂ ಸಾಹಿತ್ಯವನ್ನು ಬಣ್ಣದಲ್ಲಿಯೂ ಅಚ್ಚುಹಾಕಿದರೆ ಕಲಿಯುವವರು ಬೆರಳಿಟ್ಟು ಹಿಂಬಾಲಿಸಬಹುದು. ಮೊದಲ ಪಾಠಕ್ಕೆ ಮೋಹನ ರಾಗವೇ ಆಗಲಿ. ಮ, ನಿ ಇಲ್ಲದೆ ಐದೇ ಸ್ವರ. ಹೆಸರನ್ನು ಅರಿಯದವರೂ ಅದನ್ನು ಚಿತ್ರಗೀತೆಗಳಲ್ಲಿ ಕೇಳಿಯೇ ಇರುತ್ತಾರೆ. ಪುಟದ ಮೂಲೆಯಲ್ಲಿ ಒಂದು ಕ್ಯೂಆರ್ ಚೌಕವಿದ್ದರೆ ಫೋನಿನಲ್ಲಿ ಅದೇ ಸಾಲನ್ನು ಕೇಳಲೂಬಹುದು. ಹಾಗೆ ನೋಡಿದರೆ ಫೋನು ಪತ್ರಿಕೆಯ ಶತ್ರುವಲ್ಲ, ಅದರ ಪಕ್ಕವಾದ್ಯ.

ಆಕಾರದ ಮಾತು ಬೇಗ ಮುಗಿಸುತ್ತೇನೆ. ಡೆಮಿ ಅಷ್ಟದಳದಲ್ಲಿ ಒಂದು ಹಾಳೆಯ ಎರಡೂ ಮಗ್ಗುಲು ಸೇರಿ ೧೬ ಪುಟವಾಗುತ್ತದೆ. ಎರಡು ಫಾರಂ, ಅಂದರೆ ೩೨ ಪುಟ ಸಾಕು. ಮೂವತ್ತಮೂರನೆಯ ಪುಟಕ್ಕೆ ಆಸೆಪಟ್ಟರೆ ಮತ್ತೊಂದು ಫಾರಮಿನ ಖರ್ಚು ಬೀಳುತ್ತದೆ. ನಡುವೆ ಪಿನ್ನು ಹೊಡೆದರೆ ಪತ್ರಿಕೆಯು ಹಾರ್ಮೋನಿಯಂ ಮೇಲೆ ಅಗಲವಾಗಿ ತೆರೆದುಕೊಂಡು ಕೂರುತ್ತದೆ. ಅಂಟಿನ ಬೆನ್ನಿನದು ಮುಚ್ಚಿಕೊಳ್ಳುತ್ತದೆ.

ಈಗ ಒಳಗೇನಿರಬೇಕು ಎಂಬುದು. ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಹೊರಡುವ ಪತ್ರಿಕೆಯು ಮೈಸೂರು ಬೆಂಗಳೂರುಗಳ ಕಚೇರಿಗಳ ವರದಿಯನ್ನೇ ತುಂಬಿಕೊಂಡರೆ ನಾಚಿಕೆಗೇಡು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ನೆಲೆ. ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಸರಿಸಾಟಿಯಾದುದು ಹೆಚ್ಚಿಲ್ಲ. ಮಾದಪ್ಪನ ಕಥೆ ಹೇಳುವ ದೇವರಗುಡ್ಡರ ಕಂಸಾಳೆಯೂ ಇಲ್ಲಿಯದೇ. 'ಮೈಸೂರು ಮಲ್ಲಿಗೆ'ಯ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿ ನಮ್ಮ ಜಿಲ್ಲೆಯದು. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರಾದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಗಿಟಾರು ಹಿಡಿದ ಮಿತ್ರರಿಗೆ ನೀಲಗಾರರ ತಂಬೂರಿಯ ಮೀಟನ್ನು ತೋರಿಸಿಕೊಡುವ ಎರಡು ಪುಟ ಬಂದರೆ ಅವರು ಕೊಂಡು ಓದುವರೆಂದೇ ನನ್ನ ನಂಬಿಕೆ.

ಆದರೆ ಈ ಹಾಡುಗಳನ್ನು ಅಚ್ಚುಮಾಡುವಾಗ ಎಚ್ಚರ ಬೇಕು. ನಮ್ಮ ಸೀಮೆಯ ಮಾತಿನಲ್ಲಿ ಹಕಾರ ಬಿದ್ದುಹೋಗಿ 'ಹಾಡು' ಎಂಬುದು 'ಆಡು' ಆಗುತ್ತದೆ. ಸಂಪಾದಕರು ಪೆನ್ನು ತೆಗೆದು ಇದನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿದರೆ ಪ್ರಾಸವೂ ಲಯವೂ ಕೆಡುತ್ತವೆ. ಹಾಡಿದವರ ಮೊಮ್ಮಕ್ಕಳು ಓದಿ, ಇದು ನಮ್ಮ ತಾತನದಲ್ಲ ಎನ್ನುತ್ತಾರೆ. ಬಾಯಲ್ಲಿ ಬಂದಂತೆಯೇ ಅಚ್ಚಾಗಲಿ, ಅರ್ಥ ಪಕ್ಕದಲ್ಲಿರಲಿ.

ಹಕ್ಕಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದಂತೆ ಸಾಮಾನ್ಯವಾಗಿ ಕರ್ತೃವು ತೀರಿಕೊಂಡ ವರ್ಷದ ನಂತರ ೬೦ ವರ್ಷ ಹಕ್ಕು ಉಳಿಯುತ್ತದೆ. ಮೈಸೂರು ವಾಸುದೇವಾಚಾರ್ಯರು ೧೯೬೧ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ೨೦೨೨ರಿಂದ ಎಲ್ಲರವು. ನರಸಿಂಹಸ್ವಾಮಿಯವರು ತೀರಿಕೊಂಡದ್ದು ೨೦೦೩ರಲ್ಲಿ. ಅವರ ಒಂದು ಪೂರ್ಣ ಗೀತೆಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಲು ೨೦೬೩ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. ಚಿತ್ರಗೀತೆಗಳೂ ಹೀಗೆಯೇ. ಹಳೆಯ ಜನಪದ ಕಾವ್ಯಕ್ಕೆ ಕರ್ತೃವಿನ ಹೆಸರಿಲ್ಲವಾದ್ದರಿಂದ ಯಾರೂ ಕೇಳುವವರಿಲ್ಲ ಎಂದು ಕೆಲವರು ಎಣಿಸುತ್ತಾರೆ. ಹಾಡಿದವರು ಇದ್ದಾರಲ್ಲ! ೧೯೯೪ರ ತಿದ್ದುಪಡಿಯಿಂದ ಕಾನೂನಿನಲ್ಲಿಯೂ ಪ್ರದರ್ಶಕರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕುಂಟು. ಕ್ಯೂಆರ್ ಚೌಕದ ಹಿಂದೆ ಒಬ್ಬ ನೀಲಗಾರರ ಕಂಠವನ್ನು ಇಡಬೇಕಾದರೆ ಅವರ ಒಪ್ಪಿಗೆ ಬರಹದಲ್ಲಿ ಬೇಕು; ಓದು ಬರಹ ಬಾರದವರಾದರೆ ಅದನ್ನು ಅವರ ಮನೆಯವರ ಎದುರಿನಲ್ಲಿ ಓದಿ ಹೇಳಬೇಕು. ಅವರ ಹೆಸರು, ಊರು, ಕಲಿಸಿದ ಗುರುವಿನ ಹೆಸರು ಹಾಡಿನ ಕೆಳಗಲ್ಲ, ತಲೆಯ ಮೇಲೆ, ಕವಿಯ ಹೆಸರು ಬರುವ ಜಾಗದಲ್ಲಿಯೇ, ಅಷ್ಟೇ ದಪ್ಪದ ಅಕ್ಷರದಲ್ಲಿ ಬರಬೇಕು. ಮಾರಾಟದ ಹಣದಲ್ಲಿ ಕಾಗದದವರಿಗೆ, ಮುದ್ರಕರಿಗೆ ಕೊಡುವ ಮೊದಲೇ ಅವರ ಪಾಲನ್ನು ಎತ್ತಿಡಬೇಕು.