ಜಮೀನಿಗಿಂತ ಮೊದಲು ತಾಲ್ಲೂಕು ನೋಡಿ

ಹಳ್ಳಿಗೆ ಹೋಗಿ ನಮ್ಮ ಅನ್ನ ನಾವೇ ಬೆಳೆದು ಉಣ್ಣಬೇಕು ಎನ್ನುವವರಿಗೆ ಆರು ಹಂತಗಳ ಪರೀಕ್ಷೆ

ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳುವುದು ಸುಲಭವಾಯಿತು, ಬಾಳುವುದು ಸುಲಭವಾಗಲಿಲ್ಲ. ಮಳೆಗಾಲ ಮುಗಿದು ಎಲ್ಲೆಡೆ ಹಸಿರಿರುವಾಗ ಯಾವ ಊರೂ ಚೆಂದವೇ. ಬರ ಬಂದ ವರ್ಷ, ನೆರೆ ಬಂದ ವಾರ, ರಾತ್ರಿ ಹಾವು ಕಡಿದ ಗಳಿಗೆಯಲ್ಲಿ ಆ ಊರು ನಿಮ್ಮನ್ನು ಕಾಯುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಆದ್ದರಿಂದ ಎರಡು ಮೂರು ತಾಲ್ಲೂಕು ಆರಿಸಿಕೊಂಡು, ಪ್ರತಿ ಹಂತಕ್ಕೂ ಐದರಲ್ಲಿ ಅಂಕ ಕೊಡುತ್ತಾ ಹೋಗಿ.

1. ನೀರಿನ ಲೆಕ್ಕ ಹಾಕಿ

ಕೇಂದ್ರ ಅಂತರ್ಜಲ ಮಂಡಳಿಯ ವರದಿಯಲ್ಲಿ ಪ್ರತಿ ತಾಲ್ಲೂಕಿಗೂ ದರ್ಜೆ ಇರುತ್ತದೆ. ವರ್ಷಕ್ಕೆ ಬಳಕೆಗೆ ಸಿಗುವ ಅಂತರ್ಜಲದಲ್ಲಿ ಶೇ 70ರವರೆಗೆ ಎತ್ತುತ್ತಿದ್ದರೆ ಸುರಕ್ಷಿತ, ಶೇ 100 ದಾಟಿದರೆ ಅತಿಬಳಕೆ. ಕೋಲಾರ, ಚಿಕ್ಕಬಳ್ಳಾಪುರ ಭಾಗ ಅತಿಬಳಕೆಗೇ ಹೆಸರಾದದ್ದು. 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತವಾದ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಬೋರ್‌ವೆಲ್ ಕೊರೆಸುವಂತಿಲ್ಲ.

ಜಲಜೀವನ್ ಮಿಷನ್ನಿನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಹಿಡಿದರೆ ನಾಲ್ವರ ಮನೆಗೆ ವರ್ಷಕ್ಕೆ ಸುಮಾರು 80,000 ಲೀಟರ್ ಬೇಕು. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 600 ಮಿ.ಮೀ. ಮಳೆಯ ಬಯಲುಸೀಮೆಯಲ್ಲಿ 1,000 ಚದರ ಅಡಿ ಚಾವಣಿಯಿಂದ, ಸೋರಿಕೆ ಕಳೆದು, ಸುಮಾರು 44,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ಮಾತ್ರ ತಲೆಗೆ ದಿನಕ್ಕೆ 10 ಲೀಟರ್ ಎಂದರೆ ಮಳೆಯಿಲ್ಲದ 200 ದಿನಕ್ಕೆ 8,000 ಲೀಟರಿನ ತೊಟ್ಟಿ ಸಾಕು.

ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ನಂಬಬೇಡಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತದೆ. ಪಾವಗಡದಂಥ ತಾಲ್ಲೂಕುಗಳ ಹಳೆಯ ಗೋಳು ಇದೇ. ಮಲೆನಾಡು, ಕರಾವಳಿಯಲ್ಲಿ ಮಳೆ ಧಾರಾಳವಾದರೂ ಏಪ್ರಿಲ್, ಮೇ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ.

2. ಕೆಟ್ಟ ವರ್ಷಗಳ ಚರಿತ್ರೆ ಕೆದಕಿ

ಸರಾಸರಿ ಮಳೆ ನೋಡಿ ಮೋಸಹೋಗಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕ ನೆರೆ ಕಂಡಿತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದವರೆಗೆ ಮಳೆ ದಾಖಲೆ ಇಡುತ್ತದೆ. ಹತ್ತು ವರ್ಷದ್ದನ್ನಾದರೂ ತಿರುವಿಹಾಕಿ. ಊರಿನ ಹಿರಿಯರನ್ನು ಮಾತಾಡಿಸಿ, ಹೊಳೆಯ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೈತೋರಿಸಿ ಹೇಳಲು ಕೇಳಿ. ಕಡಿದಾದ ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ಜಾಗ ಎಷ್ಟೇ ಅಗ್ಗವಾದರೂ ಮನೆಗೆ ಬೇಡ.

3. ಮಣ್ಣು ಎಷ್ಟು ಉಣಿಸೀತು?

ದಿನಕ್ಕೆ ತಲೆಗೆ 400 ಗ್ರಾಂ ಧಾನ್ಯವೆಂದರೆ ನಾಲ್ವರಿಗೆ ವರ್ಷಕ್ಕೆ ಆರು ಕ್ವಿಂಟಲ್ ಬೇಕು. ಹದವಾಗಿ ಮಳೆ ಬಿದ್ದರೆ ಒಂದೆಕರೆ ಖುಷ್ಕಿ ರಾಗಿ ಇಷ್ಟನ್ನು ಕೊಡಬಲ್ಲದು. ಮಳೆ ಕೈಕೊಟ್ಟರೆ ಅರ್ಧವೂ ಬಾರದು. ಹಾಗಾಗಿ ಎರಡು ವರ್ಷದ ಕಾಳು ಕೂಡಿಡುವ ಜಾಗವನ್ನೂ ಲೆಕ್ಕಕ್ಕೆ ಸೇರಿಸಿ. ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದ ಹಿಂದಿನವರು ಬರಗಾಲ ದಾಟಿದ್ದು ಹೀಗೆಯೇ. ವಿಜಯಪುರದ ಎರೆಭೂಮಿ ಮಳೆ ನಿಂತ ಮೇಲೂ ತೇವ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುತ್ತದೆ. ಕೆಂಪುಮಣ್ಣು ಬೇಗ ಒಣಗುತ್ತದೆ. ಮಲೆನಾಡಿನ ಹುಳಿಮಣ್ಣು ಸುಣ್ಣ ಬೇಡುತ್ತದೆ. ಮಣ್ಣಿನ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಕಾಡಂಚಿನಲ್ಲಾದರೆ ಆನೆ, ಹಂದಿ, ಮಂಗಗಳ ಪಾಲನ್ನು ಇಳುವರಿಯಿಂದ ಮೊದಲೇ ಕಳೆಯಿರಿ.

4. ಕಾಗದಪತ್ರ ಜಾಲಾಡಿ

ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳ ಜೊತೆಗೆ ಪೋಡಿ (ಪಾಲುಗಳ ಪ್ರತ್ಯೇಕ ಅಳತೆ) ಆಗಿದೆಯೇ ಎಂದು ನೋಡಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಗೋಮಾಳ, ಕೆರೆ, ಹಳ್ಳದ ಒತ್ತುವರಿ ಇದೆಯೇ ಎಂಬುದನ್ನು ದಿಶಾಂಕ್ ಆ್ಯಪ್‌ನಲ್ಲಿ ಮೊದಲು ನೋಡಿ, ಆಮೇಲೆ ಸರ್ವೆಯವರಿಂದ ಖಚಿತಪಡಿಸಿಕೊಳ್ಳಿ. ಜಮೀನಿಗೆ ಹೋಗುವ ಬಂಡಿದಾರಿ ಗ್ರಾಮ ನಕಾಶೆಯಲ್ಲಿ ಇರಲೇಬೇಕು. ಪಕ್ಕದ ಹೊಲದವರ ಬಾಯಿಮಾತು ಅವರ ಮಕ್ಕಳ ಕಾಲಕ್ಕೆ ಉಳಿಯದು.

5. ಆಸ್ಪತ್ರೆ, ರಸ್ತೆ, ಕರೆಂಟು

ತಾಲ್ಲೂಕು ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ಮಳೆಯ ರಾತ್ರಿ ಎಷ್ಟು ಹೊತ್ತು ಬೇಕು ಎಂದು ಕೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷಕ್ಕೆ ಮದ್ದು ದಾಸ್ತಾನಿದೆಯೇ, ರಾತ್ರಿ ವೈದ್ಯರಿರುತ್ತಾರೆಯೇ ಎಂದು ಒಳಹೊಕ್ಕು ವಿಚಾರಿಸಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನವರಾದರೆ ಮಂಗನ ಕಾಯಿಲೆಯ ಬಗ್ಗೆಯೂ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಇದು ಉಣ್ಣೆಗಳಿಂದ ಹರಡುತ್ತದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಸರದಿಯ ಮೇಲೆ ಬರುತ್ತದೆ. ಸರದಿ ಹಗಲಿನದೋ ನಡುರಾತ್ರಿಯದೋ ಕೇಳಿಕೊಳ್ಳಿ. ಮೊಬೈಲ್ ಸಿಗ್ನಲ್ಲನ್ನು ಊರಿನಲ್ಲಲ್ಲ, ಮನೆ ಕಟ್ಟುವ ಜಾಗದಲ್ಲೇ ನಿಂತು ನೋಡಿ.

6. ನೆರೆಹೊರೆ

ಉಪ್ಪು, ಔಷಧಿ, ಡೀಸೆಲ್ ಯಾರ ಹೊಲದಲ್ಲೂ ಬೆಳೆಯುವುದಿಲ್ಲ. ವಾರದ ಸಂತೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಗ್ಯಾರೇಜು, ಪಶು ಆಸ್ಪತ್ರೆ ಎಷ್ಟು ದೂರ? ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವ ಮುಯ್ಯಾಳು ಪದ್ಧತಿ ಇನ್ನೂ ಉಳಿದಿದೆಯೇ? ನಾಟಿ, ಕೊಯ್ಲಿನ ಹೊತ್ತಿಗೆ ಕೂಲಿಯಾಳು ಸಿಗುತ್ತಾರೆಯೇ? ನೆರೆ ಬಂದಾಗ ಮೊದಲು ಓಡಿಬರುವವರು ಪಕ್ಕದ ಮನೆಯವರು. ಒಂಟಿಮನೆ ಕಟ್ಟುವ ಮುಂಚೆ ಇದನ್ನು ಯೋಚಿಸಿ.

ತುರ್ತಿಗೆಂದು ಮನೆಯಲ್ಲಿ ಸದಾ ಇರಲಿ

• ಎರಡು ವಾರಕ್ಕೆ ಸಾಲುವ ಧಾನ್ಯ, ಬೇಳೆ, ಉಪ್ಪು. ಒಂದು ತಿಂಗಳ ಔಷಧಿ
• ಸೌರದೀಪ, ಬ್ಯಾಟರಿ ರೇಡಿಯೊ, ಹಗ್ಗ, ಮಚ್ಚು, ಟಾರ್ಪಾಲು
• ಒಣ ಸೌದೆ ಅಥವಾ ಹೆಚ್ಚುವರಿ ಗ್ಯಾಸ್ ಸಿಲಿಂಡರ್
• ಜಮೀನಿನ ದಾಖಲೆ, ಆಧಾರ್‌ಗಳ ಪ್ರತಿ, ನೀರು ತಾಗದ ಚೀಲದಲ್ಲಿ
• ಗೋಡೆಯ ಮೇಲೆ ದೊಡ್ಡದಾಗಿ ಬರೆದ ನಂಬರುಗಳು: ತುರ್ತು ಸೇವೆ 112, ಆಂಬುಲೆನ್ಸ್ 108, ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿ 1077
• ಸಿಡಿಲಿನ ಮುನ್ಸೂಚನೆಗೆ ಮೊಬೈಲಿನಲ್ಲಿ ದಾಮಿನಿ ಆ್ಯಪ್

ಅಂಕ ಕೂಡಿ, ಆಮೇಲೆ ಕಳೆಯಿರಿ

ಮೂವತ್ತರಲ್ಲಿ ಇಪ್ಪತ್ತು ದಾಟಿದ ತಾಲ್ಲೂಕನ್ನು ಉಳಿಸಿಕೊಳ್ಳಿ. ಆದರೆ ನೀರು ಅಥವಾ ಕಾಗದಪತ್ರಕ್ಕೆ ಎರಡಕ್ಕಿಂತ ಕಡಿಮೆ ಬಂದಿದ್ದರೆ ಉಳಿದ ಅಂಕ ಎಷ್ಟಿದ್ದರೂ ಬಿಟ್ಟುಬಿಡಿ. ಈ ಎರಡು ಕೊರತೆಯನ್ನು ದುಡ್ಡು ಸುರಿದರೂ ತುಂಬಲಾಗದು. ಉಳಿದ ಊರಿನಲ್ಲಿ ಬಾಡಿಗೆ ಮನೆ ಹಿಡಿದು, ಹಿತ್ತಲಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಾ, ಒಂದು ಮೇ ತಿಂಗಳು, ಒಂದು ಜುಲೈ ತಿಂಗಳು ಕಳೆಯಿರಿ. ಎರಡನ್ನೂ ಕಳೆದ ಮೇಲೂ ಮನಸ್ಸು ಅಲ್ಲೇ ಇದ್ದರೆ ಮುಂಗಡ ಕೊಡಿ.