ನೂರು ಕಿಲೋ ದಾಟಿದವರು ವಾರಕ್ಕೆ ಎಷ್ಟು ತೂಕ ಇಳಿಸಬಹುದು?

ತೂಕ ಇಳಿಸಲು ಮನಸ್ಸು ಮಾಡಿದವರು ಮೊದಲು ಕೇಳುವುದು "ಏನು ತಿನ್ನಬೇಕು?" ಎಂದಲ್ಲ, "ಎಷ್ಟು ದಿನದಲ್ಲಿ ಇಳಿಯುತ್ತದೆ?" ಎಂದು. ಮನೆಯಲ್ಲಿ ಮದುವೆ ಹತ್ತಿರ ಬಂದಿರುತ್ತದೆ. ಮಂಡಿನೋವಿಗೆ ಹೋದಾಗ ವೈದ್ಯರು ತೂಕ ಇಳಿಸಿ ಬನ್ನಿ ಎಂದಿರುತ್ತಾರೆ. ಹಜ್ಜಿಗೆ ಹೆಸರು ಕೊಟ್ಟಿರುತ್ತೀರಿ, ಆದರೆ ಬಜಾರಿನವರೆಗೆ ನಡೆದರೇ ಏದುಸಿರು ಬರುತ್ತಿರುತ್ತದೆ. ಇಂಥ ಹೊತ್ತಿನಲ್ಲಿ "ಒಂದೇ ತಿಂಗಳಲ್ಲಿ 15 ಕಿಲೋ" ಎಂಬ ಜಾಹೀರಾತು ಕಣ್ಣಿಗೆ ಬಿದ್ದರೆ ಯಾರಿಗಾದರೂ ಆಸೆಯಾಗುತ್ತದೆ. ಆ ಹಾದಿ ಹಿಡಿಯುವ ಮೊದಲು ಈ ಲೆಕ್ಕವನ್ನು ಒಮ್ಮೆ ಓದಿ.

ಇದು ಒಬ್ಬಿಬ್ಬರ ಸಮಸ್ಯೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಪ್ರತಿ 10 ಮಂದಿಗೆ ಸುಮಾರು 3 ಮಂದಿ ಅತಿತೂಕದವರು. ಹೆಣ್ಣು ಗಂಡು ಎಂಬ ಭೇದವೂ ಇಲ್ಲಿ ಅಷ್ಟಾಗಿ ಇಲ್ಲ.

ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ

ನಿಮ್ಮ ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ಸಿಗುವ ಅಂಕಿಯೇ ಬಿಎಂಐ. ಉದಾಹರಣೆಗೆ, 155 ಸೆಂಟಿಮೀಟರ್ ಎತ್ತರದ, 110 ಕಿಲೋ ತೂಕದ ಮಹಿಳೆಯ ಬಿಎಂಐ ಸುಮಾರು 46. ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ದೇಶದ ತಜ್ಞರು ಮಿತಿ ಹಾಕಿದ್ದಾರೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಈ ಮಿತಿ ಪಾಶ್ಚಾತ್ಯರಿಗಿಂತ ಕಡಿಮೆಯಿದೆ. ದರ್ಜಿಯ ಟೇಪಿನಿಂದ ಸೊಂಟವನ್ನೂ ಅಳೆಯಿರಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದ್ದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಎಂದು ತಿಳಿಯಿರಿ.

ಅಂಕಿ ನೋಡಿ ಗಾಬರಿಯಾಗಬೇಡಿ. ಎಲ್ಲಿಂದ ಹೊರಟಿದ್ದೀರಿ ಎಂದು ತಿಳಿಯಲು ಮಾತ್ರ ಅದು ಬೇಕು.

ಎಲ್ಲರಿಗೂ ಒಂದೇ ಅಳತೆಯಲ್ಲ

ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುವುದು ಸುರಕ್ಷಿತ ಎಂಬ ಮಾತನ್ನು ನೀವು ಕೇಳಿರಬಹುದು. ಮಾತು ಸರಿ. ಆದರೆ 60 ಕಿಲೋದವರಿಗೂ 130 ಕಿಲೋದವರಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. ದೊಡ್ಡ ದೇಹಕ್ಕೆ ಸುಮ್ಮನೆ ಕೂತಿದ್ದರೂ ಹೆಚ್ಚು ಶಕ್ತಿ ಬೇಕು. ಹಾಗಾಗಿ ಊಟ ಕಡಿಮೆಯಾದಾಗ ಅದು ಬೇಗ ಇಳಿಯುತ್ತದೆ. ಇದಕ್ಕಾಗಿ ಶೇಕಡಾ ಲೆಕ್ಕ ಹಿಡಿಯುವುದು ಒಳ್ಳೆಯದು: ವಾರಕ್ಕೆ ನಿಮ್ಮ ಈಗಿನ ತೂಕದ ಶೇ. 0.5ರಿಂದ ಶೇ. 1ರವರೆಗೆ.

60 ಕಿಲೋದವರಿಗೆ ಇದು 300ರಿಂದ 600 ಗ್ರಾಂ. 110 ಕಿಲೋದವರಿಗೆ 550 ಗ್ರಾಂನಿಂದ 1 ಕಿಲೋ 100 ಗ್ರಾಂ. 130 ಕಿಲೋದವರಿಗೆ 650 ಗ್ರಾಂನಿಂದ 1 ಕಿಲೋ 300 ಗ್ರಾಂ. ತೂಕ ಇಳಿದಂತೆ ಈ ಮಿತಿಯೂ ಇಳಿಯುತ್ತದೆ. ಮೊದಲ ತಿಂಗಳಲ್ಲಿ ವಾರಕ್ಕೆ ಒಂದು ಕಿಲೋ ಇಳಿದವರು ಆರನೆಯ ತಿಂಗಳಲ್ಲಿ ಅರ್ಧ ಕಿಲೋ ಇಳಿದರೆ ಸೋತಂತಲ್ಲ. ದೇಹ ಹಗುರಾದಷ್ಟೂ ಅದರ ಖರ್ಚು ಕಡಿಮೆ, ಅಷ್ಟೆ.

ಮೊದಲ ವಾರ ಮೂರು ಕಿಲೋ ಇಳಿಯಿತೆ?

ತುಂಬ ತೂಕವಿದ್ದವರು ಊಟ ಬದಲಿಸಿದ ಮೊದಲ ಒಂದೆರಡು ವಾರದಲ್ಲಿ ಎರಡು ಮೂರು ಕಿಲೋ ಇಳಿಯುವುದುಂಟು. ಇದರಲ್ಲಿ ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತವೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದೊಡನೆ ಈ ದಾಸ್ತಾನು ಖರ್ಚಾಗಿ ನೀರು ಮೂತ್ರದಲ್ಲಿ ಹೋಗುತ್ತದೆ. ಉಪ್ಪು ಕಡಿಮೆ ಮಾಡಿದರೆ ಇನ್ನಷ್ಟು.

ಆದ್ದರಿಂದ ಮೊದಲ ವಾರದ ಇಳಿತ ನೋಡಿ ಹಿಗ್ಗಬೇಡಿ, ಮೂರನೆಯ ವಾರ ತಕ್ಕಡಿ ನಿಂತಲ್ಲೇ ನಿಂತರೆ ಕುಗ್ಗಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನಾಲ್ಕು ವಾರದ ಸರಾಸರಿ ನೋಡಿದರೆ ನಿಜ ತಿಳಿಯುತ್ತದೆ.

ಅವಸರ ಮಾಡಿದರೆ ಏನಾಗುತ್ತದೆ?

ಪಿತ್ತಕೋಶದ ಕಲ್ಲು: ಕೊಬ್ಬು ವೇಗವಾಗಿ ಕರಗುವಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಬಿಡುತ್ತದೆ. ಊಟ ಕಡಿಮೆಯಾದ್ದರಿಂದ ಪಿತ್ತಕೋಶ ಸರಿಯಾಗಿ ಬರಿದಾಗುವುದಿಲ್ಲ, ಕಲ್ಲು ಕಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಯುವವರಲ್ಲಿ ಈ ಅಪಾಯ ಏರುತ್ತದೆ.

ಸ್ನಾಯು ನಷ್ಟ: ಊಟ ತೀರಾ ಕಡಿಮೆಯಾದರೆ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ. ತಕ್ಕಡಿಯ ಅಂಕಿ ಚೆಂದ ಕಾಣುತ್ತದೆ, ಕಾಲಲ್ಲಿ ಬಲ ಇರುವುದಿಲ್ಲ. ಎರಡು ಮೂರು ತಿಂಗಳ ನಂತರ ಕೂದಲೂ ಉದುರತೊಡಗುತ್ತದೆ.

ಹೃದಯದ ಬಡಿತ: ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ತಗ್ಗಿದರೆ ಹೃದಯದ ಲಯ ತಪ್ಪಬಹುದು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನ್ ಮಾತ್ರ ಕುಡಿದು ತೂಕ ಇಳಿಸುವ ಹುಚ್ಚು ಹಬ್ಬಿತ್ತು. ಹತ್ತಾರು ಮಂದಿ ಸತ್ತರು. ಅವರಲ್ಲಿ ಹಲವರು ಹೃದಯ ಹಠಾತ್ತನೆ ನಿಂತು ಹೋದವರು.

ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ ಎಂಬ ಯುವಕನ ಕಥೆಯನ್ನು ಕೆಲವರು ಉದಾಹರಣೆಯಾಗಿ ಹೇಳುತ್ತಾರೆ. ಆತ 1965–66ರಲ್ಲಿ 382 ದಿನ ಊಟವಿಲ್ಲದೆ ಇದ್ದು 207 ಕಿಲೋದಿಂದ 82 ಕಿಲೋಗೆ ಇಳಿದದ್ದು ನಿಜ. ಆದರೆ ಡಂಡೀ ನಗರದ ಆಸ್ಪತ್ರೆಯ ವೈದ್ಯರು ಆತನ ರಕ್ತವನ್ನು ಪದೇ ಪದೇ ಪರೀಕ್ಷಿಸಿ, ಜೀವಸತ್ವ ಮತ್ತು ಲವಣದ ಮಾತ್ರೆ ಕೊಡುತ್ತಿದ್ದರು. ಅಂದಿನ ದಿನಗಳಲ್ಲಿ ಇದೇ ಬಗೆಯ ದೀರ್ಘ ಉಪವಾಸ ಮಾಡಿದ ಬೇರೆ ರೋಗಿಗಳು ಜೀವ ಕಳೆದುಕೊಂಡದ್ದೂ ಉಂಟು. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ಬೇಗ ಇಳಿಸುವುದು ಯಾವಾಗಲೂ ತಪ್ಪೆ?

ಇಲ್ಲ. ದಿನಕ್ಕೆ 800 ಕ್ಯಾಲೊರಿಯ ಆಸುಪಾಸಿನ ಆಹಾರ ಕೊಟ್ಟು, ಸಕ್ಕರೆ ಕಾಯಿಲೆಯವರ ತೂಕವನ್ನು ಕೆಲವೇ ತಿಂಗಳಲ್ಲಿ ಇಳಿಸಿದ ಅಧ್ಯಯನ ಬ್ರಿಟನ್ನಿನಲ್ಲಿ ನಡೆದಿದೆ. 2017ರಲ್ಲಿ ಅದರ ಫಲಿತಾಂಶ ಬಂದಾಗ, ಒಂದು ವರ್ಷದ ಬಳಿಕ ಸುಮಾರು ಅರ್ಧದಷ್ಟು ಮಂದಿ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿಟ್ಟುಕೊಂಡಿದ್ದರು. ಆದರೆ ಅವರಿಗೆ ಪೋಷಕಾಂಶ ತುಂಬಿದ ಸಿದ್ಧ ಆಹಾರ ಕೊಡಲಾಗಿತ್ತು, ಔಷಧಗಳನ್ನು ಬದಲಿಸಲಾಗಿತ್ತು, ಉದ್ದಕ್ಕೂ ತಪಾಸಣೆಯಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧ ಪಡೆಯುವವರಿಗೂ ಇದೇ ಮಾತು. ವೇಗ ಹೆಚ್ಚಿದ್ದರೆ ವೈದ್ಯರ ನಿಗಾ ಇರಲೇಬೇಕು. ಸ್ವಂತವಾಗಿ ಮಾಡುವವರು ದಿನದ ಆಹಾರವನ್ನು ಹೆಂಗಸರು 1,200, ಗಂಡಸರು 1,500 ಕ್ಯಾಲೊರಿಗಿಂತ ಕೆಳಗೆ ಇಳಿಸಬಾರದು.

ಮೊದಲ ಗುರಿ: ನೂರಕ್ಕೆ ಹತ್ತು

110 ಕಿಲೋದವರು "60ಕ್ಕೆ ಬರಬೇಕು" ಎಂದು ಹೊರಟರೆ ದಾರಿಯೇ ಕಾಣುವುದಿಲ್ಲ. ಆರು ತಿಂಗಳಲ್ಲಿ ಶೇ. 5ರಿಂದ 10, ಅಂದರೆ ಐದೂವರೆಯಿಂದ 11 ಕಿಲೋ ಎಂದುಕೊಳ್ಳಿ. ಕನ್ನಡಿಯಲ್ಲಿ ಇದು ದೊಡ್ಡದಾಗಿ ಕಾಣದು, ದೇಹದೊಳಗೆ ಕಾಣುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯ ಗುರಿ ಕೊಟ್ಟರು. ಕಾಯಿಲೆಗೆ ಜಾರುವವರ ಪ್ರಮಾಣ ಶೇ. 58ರಷ್ಟು ತಗ್ಗಿತು. ಮಂಡಿಗೂ ಹಾಗೆಯೇ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ.

ಇಳಕಲ್ಲಿನ ತಾಟಿನಲ್ಲಿ 500 ಕ್ಯಾಲೊರಿ

ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯುತ್ತದೆ. ಅದಕ್ಕೆ ಪೇಟೆಯ ಪುಡಿ ಡಬ್ಬಿ ಬೇಕಿಲ್ಲ. ಮೂರು ಚಹಾದಲ್ಲಿ ಎರಡೆರಡು ಚಮಚ ಸಕ್ಕರೆ ಬಿಟ್ಟರೆ 120. ನಿಮ್ಮ ಪಾಲಿನ ಪಲ್ಯ, ಸಾರು, ಒಗ್ಗರಣೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಉಳಿಸಿದರೆ ಸುಮಾರು 245. ಒಂದು ಜೋಳದ ರೊಟ್ಟಿ ಕಡಿಮೆ ಮಾಡಿದರೆ 135ರ ಆಸುಪಾಸು. ಇಲ್ಲಿಗೆ 500 ಆಯಿತು.

ನಮ್ಮ ಊಟ ಮೂಲತಃ ಕೆಟ್ಟದ್ದಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕೆಕಾಳು, ಹೆಸರುಕಾಳು, ಜೊತೆಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಸೌತೆಕಾಯಿ ಹೊಟ್ಟೆ ತುಂಬಿಸುತ್ತವೆ. ತೊಂದರೆ ಬರುವುದು ಎಣ್ಣೆ ತೇಲುವ ಎಣ್ಣೆಗಾಯಿಯಿಂದ, ಸಂಜೆಯ ಮಿರ್ಚಿ ಭಜಿಯಿಂದ. ಶೇಂಗಾ ಒಳ್ಳೆಯದೇ, ಆದರೆ 30 ಗ್ರಾಂ ಶೇಂಗಾದಲ್ಲಿ ಸುಮಾರು 160 ಕ್ಯಾಲೊರಿ ಇದೆ. ಚಟ್ನಿ ಒಂದು ಚಮಚ ಸಾಕು. ಅಮೀನಗಡದ ಕರದಂಟು ಬಂದವರಿಗೆ ಕೊಡಿ, ನೀವು ಒಂದು ಸಣ್ಣ ತುಂಡು ತಿನ್ನಿ. ಬಿರಿಯಾನಿಯ ದಿನ ತಾಟಿನ ಅರ್ಧಭಾಗ ಹಸಿ ತರಕಾರಿ ಹಾಕಿಕೊಂಡು, ಉಳಿದರ್ಧದಲ್ಲಿ ಅನ್ನ ಮತ್ತು ಮಾಂಸ ಬಡಿಸಿಕೊಳ್ಳಿ. ಪ್ರತಿ ಊಟದಲ್ಲಿ ಬೇಳೆ, ಕಾಳು, ಮೊಟ್ಟೆ, ಮೊಸರು, ಚರ್ಮ ತೆಗೆದ ಕೋಳಿ ಇವುಗಳಲ್ಲಿ ಒಂದಾದರೂ ಇದ್ದರೆ ಮಾಂಸಖಂಡ ಉಳಿಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಎಷ್ಟೆಂದು ವೈದ್ಯರನ್ನು ಕೇಳಿ.

ಕುಣಿಮಗ್ಗದಲ್ಲಿ ನೇಯುವವರು, ಕಂಡಿಕೆ ಸುತ್ತುವ ತಾಯಂದಿರು, ಅಂಗಡಿಯಲ್ಲಿ ಕೂರುವವರು ದಿನದ ಬಹುಪಾಲು ಕೂತೇ ಇರುತ್ತಾರೆ. ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಿ. ಭಾರದ ದೇಹದವರು ಜಿಗಿಯುವ, ಓಡುವ ವ್ಯಾಯಾಮ ಮಾಡಬಾರದು, ಮಂಡಿ ಕೆಡುತ್ತದೆ. ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆದರೆ ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ ಫಜ್ರ್ ನಮಾಝಿನ ನಂತರದ ಹೊತ್ತೇ ಒಳ್ಳೆಯದು.

ರಮಝಾನ್ ಮತ್ತು ತೂಕ

ಉಪವಾಸದ ತಿಂಗಳಲ್ಲಿ ಸಾಮಾನ್ಯವಾಗಿ ಒಂದೆರಡು ಕಿಲೋ ಇಳಿಯುತ್ತದೆ. ಹಬ್ಬ ಕಳೆದ ಕೆಲವು ವಾರಗಳಲ್ಲಿ ಅದು ಮರಳಿ ಬರುತ್ತದೆ. ಇಫ್ತಾರಿನಲ್ಲಿ ಖರ್ಜೂರ, ನೀರು, ಹಣ್ಣು, ಆಮೇಲೆ ಸರಿಯಾದ ಊಟ ಎಂಬ ಕ್ರಮವಿಟ್ಟು ಸಮೋಸಾ, ಶರಬತ್ತುಗಳನ್ನು ವಾರಕ್ಕೊಂದು ದಿನಕ್ಕೆ ಮಿತಿಗೊಳಿಸಿದರೆ ಇಳಿದದ್ದು ಉಳಿದೀತು. ತೂಕ ಬೇಗ ಇಳಿಯಲಿ ಎಂದು ಸಹರಿ ಬಿಡಬೇಡಿ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ರಮಝಾನಿಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸ ಬಿಡಬೇಕು. ಕಾಯಿಲೆಯವರಿಗೆ ಶರೀಅತ್ ಕೊಟ್ಟಿರುವ ರಿಯಾಯಿತಿ ಇರುವುದೇ ಇಂಥ ಸಂದರ್ಭಕ್ಕೆ.

ವೈದ್ಯರನ್ನು ಯಾವಾಗ ಕಾಣಬೇಕು?

ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನುಂಗುವವರು ಊಟ ಕಡಿಮೆ ಮಾಡುವ ಮೊದಲೇ ಕಾಣಿ. ಊಟ ಅರ್ಧವಾಗಿ ಮಾತ್ರೆ ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು, ರಕ್ತದೊತ್ತಡ ಇಳಿದು ತಲೆ ತಿರುಗಿ ಬೀಳಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಗರ್ಭಿಣಿಯರು ಮತ್ತು ಎದೆಹಾಲು ಉಣಿಸುವ ತಾಯಂದಿರು ತಾವಾಗಿ ತೂಕ ಇಳಿಸಲು ಹೋಗಬಾರದು. 30 ವರ್ಷ ದಾಟಿದವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆ ಉಚಿತವಾಗಿದೆ. ಮೊದಲು ಅಲ್ಲಿಗೆ ಹೋಗಿ. ಬಿಎಂಐ 35 ದಾಟಿದ್ದು ಜೊತೆಗೆ ಬೇರೆ ಕಾಯಿಲೆಯೂ ಇದ್ದರೆ ಬಾಗಲಕೋಟೆಯ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆಯಿರಿ.

ಎದೆ ಬಡಿತ ತಪ್ಪಿದಂತಾಗುವುದು, ಎಚ್ಚರ ತಪ್ಪುವುದು, ಊಟದ ನಂತರ ಬಲಪಕ್ಕೆಯ ಕೆಳಗೆ ತೀವ್ರ ನೋವು, ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡಬೇಡಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್ ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಮನೆಯವರಿಗೂ ಒಂದು ಮಾತು. ತೂಕ ಇಳಿಸುತ್ತಿರುವವರನ್ನು "ಇನ್ನೂ ಹಾಗೇ ಇದ್ದೀಯಲ್ಲ" ಎಂದು ಚುಚ್ಚಬೇಡಿ, "ಒಂದು ದಿನಕ್ಕೆ ಏನಾಗುತ್ತದೆ, ತಿನ್ನು" ಎಂದು ಒತ್ತಾಯಿಸಲೂ ಬೇಡಿ. ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಬದಲು ಮನೆಮಂದಿಯೆಲ್ಲ ಕಡಿಮೆ ಎಣ್ಣೆಯ ಅಡುಗೆ ಉಣ್ಣಿ, ಸಂಜೆ ಜೊತೆಗೆ ನಡೆಯಿರಿ. ಮೈಮೇಲೆ ಬರಲು ವರ್ಷಗಟ್ಟಲೆ ಹಿಡಿದ ಭಾರ ಇಳಿಯಲು ಒಂದೆರಡು ವರ್ಷವಾದರೂ ಬೇಕು. ಇಂದೇ ತೂಕ ನೋಡಿ ಬರೆದಿಡಿ, ಅದರ ನೂರನೆಯ ಒಂದು ಭಾಗ ಎಷ್ಟೆಂದು ಪಕ್ಕದಲ್ಲಿ ಬರೆಯಿರಿ. ವಾರಕ್ಕೆ ಅದಕ್ಕಿಂತ ಹೆಚ್ಚು ಬೇಡ.